ಹತ್ತು ಜನ ಆಗದ ಮ್ಯಾಟಿನಿ

ತಿಪಟೂರಿನ ಬಸವರಾಜಪ್ಪನವರ ಕೊಬ್ಬರಿ ಮಂಡಿಯಲ್ಲಿ ಅಣ್ಣಯ್ಯನ ಕೆಲಸ ಏನು ಎಂದು ಯಾರಾದರೂ ಕೇಳಿದರೆ, ಕಾಯಿ ಅಲ್ಲಾಡಿಸುವುದು ಎಂದು ಹೇಳಬೇಕಾಗುತ್ತದೆ. ಕೇಳಿದವರು ನಕ್ಕರೆ ಅವರು ಈ ಕಡೆಯವರಲ್ಲ ಎಂದು ತಿಳಿಯಬೇಕು. ಇಲ್ಲಿನ ರೈತರು ಬಲಿತ ಕಾಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಹಾಕಿಡುತ್ತಾರೆ. ಒಳಗಿನ ನೀರು ಇಂಗಬೇಕು, ಕೊಬ್ಬರಿ ಚಿಪ್ಪನ್ನು ಬಿಟ್ಟು ಉಂಡೆಯಾಗಬೇಕು. ಅವಸರಪಟ್ಟು ಸುಲಿದರೆ ಹಸಿ ಕೊಬ್ಬರಿ, ಅದನ್ನು ಮಂಡಿಯಲ್ಲಿ ಯಾರೂ ಮೂಸಿಯೂ ನೋಡುವುದಿಲ್ಲ. ಯಾವಾಗ ಸುಲಿಯಬೇಕು ಎಂದು ಹೇಳುವವನೇ ಅಣ್ಣಯ್ಯ. ಹೊನ್ನವಳ್ಳಿಯಿಂದ ದಬ್ಬೇಘಟ್ಟದವರೆಗೆ ಅವನು ಹತ್ತದ ಅಟ್ಟವಿಲ್ಲ. ಹತ್ತಿ, ಒಂದು ಕಾಯಿ ಎತ್ತಿ, ಕಿವಿಯ ಹತ್ತಿರ ಹಿಡಿದು, ಕಣ್ಣು ಅರ್ಧ ಮುಚ್ಚಿ ಎರಡೇ ಸಲ ಅಲ್ಲಾಡಿಸುತ್ತಾನೆ. ಆಮೇಲೆ "ಸುಲಿಸಿ" ಎನ್ನುತ್ತಾನೆ, ಇಲ್ಲವೇ "ಇನ್ನೊಂದ್ ತಿಂಗ್ಳು ಇರ್ಲಿ" ಎನ್ನುತ್ತಾನೆ. ಮೂವತ್ತನಾಲ್ಕು ವರ್ಷದಿಂದ ಮೂರು ತಾಲ್ಲೂಕು ಆ ಒಂದು ಮಾತನ್ನು ನಂಬಿಕೊಂಡು ಬಂದಿದೆ.

ಅಣ್ಣಯ್ಯನಿಗೆ ಈಗ ಅರವತ್ತೊಂದು. ಮದುವೆಯಾಗಲಿಲ್ಲ. ಹೆಣ್ಣು ನೋಡಲು ಹೋದ ಮೂರು ಮನೆಯಲ್ಲೂ ಮೊದಲು ಅಟ್ಟ ಹತ್ತಿ ಕಾಯಿ ನೋಡಿದ, ಇಳಿಯುವ ಹೊತ್ತಿಗೆ ಹೆಣ್ಣಿನ ಕಡೆಯವರು ಎದ್ದು ಒಳಗೆ ಹೋಗಿದ್ದರು ಎನ್ನುವುದು ಮಂಡಿಯಲ್ಲಿ ಓಡಾಡುವ ಕಥೆ. ನಿಜವಾದ ಕಥೆಯಲ್ಲಿ ತಮಾಷೆ ಇಲ್ಲ. ಅವನ ತಾಯಿ ಹದಿನೆಂಟು ವರ್ಷ ಹಾಸಿಗೆ ಹಿಡಿದಿದ್ದಳು, ಅಷ್ಟೇ. ಈಗ ಮಂಡಿಯ ಹಿಂದಿನ ರೂಮಿನಲ್ಲಿ ಒಬ್ಬನೇ ಇದ್ದಾನೆ. ಹಾಗೆಂದು ಮಾತಿಗೆ ಬರವಿಲ್ಲ. ಹುಳಿಯಾರಿನ ಬಸ್ಸು ಹತ್ತಿ ಪಕ್ಕದಲ್ಲಿ ಕೂತವರ ಊರು, ಮನೆತನ, ತೋಟದಲ್ಲಿ ಎಷ್ಟು ಮರ, ಬೋರಿನಲ್ಲಿ ನೀರೆಷ್ಟು, ಎಲ್ಲವನ್ನೂ ಬಸ್ಸು ಊರು ದಾಟುವುದರೊಳಗೆ ತಿಳಿದುಕೊಂಡಿರುತ್ತಾನೆ. ಇಳಿಯುವಾಗ ಅವರು ಬರ್ತೀನಪ್ಪ ಎಂದು ಹೇಳಿ ಹೋಗುತ್ತಾರೆ. ಮತ್ತೆ ಸಿಗುವುದಿಲ್ಲ.

ಈ ಮಾತಿನ ಚಟವೇ ಅವನನ್ನು ಸಿಕ್ಕಿಸಿದ್ದು. ಹೋದ ವರ್ಷ ತಂಗಿಯ ಮಗಳ ಮನೆಯ ಗೃಹಪ್ರವೇಶಕ್ಕೆ ಬೆಂಗಳೂರಿಗೆ ಹೋದ. ವಾಪಸು ಬರುವಾಗ ಯಶವಂತಪುರದ ಕಡೆ ಒಂದು ಬಸ್ ಸ್ಟಾಪಿನ ಬೆಂಚಿನ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದ. ರಸ್ತೆಯ ಆಚೆ ಕ್ಯಾಮೆರಾ, ಛತ್ರಿ, ಲೈಟು, ಜನ. ಕಿವಿಗೆ ಏನೋ ಸಿಕ್ಕಿಸಿಕೊಂಡಿದ್ದ ಹುಡುಗಿಯೊಬ್ಬಳು ಓಡಿ ಬಂದಳು.

"ಅಂಕಲ್, ನೀವು ಅಲ್ಲೇ ಕೂತಿರಿ. ನಮ್ಮ ಹೀರೋ ಬಂದು ನಿಮ್ಮ ಪಕ್ಕ ಕೂತ್ಕೋತಾರೆ. ನೀವು ಏನೂ ಮಾಡೋದು ಬೇಡ. ನಿಮ್ಮ ಮುಖ ನೋಡಿದ್ರೇ ಒಂಟಿ ಅಂತ ಗೊತ್ತಾಗುತ್ತೆ, ನಮಗೆ ಅದೇ ಬೇಕು."

ಅಣ್ಣಯ್ಯನಿಗೆ ಸಿಟ್ಟು ಬಂತು. ಆದರೆ ಬಸ್ಸು ಬಂದಿರಲಿಲ್ಲ.

ಹೀರೋ ಬಂದು ಕೂತ. ಹೊಸ ಹುಡುಗ, ಕುರುಚಲು ಗಡ್ಡ, ಮನೆಮಠ ಕಳೆದುಕೊಂಡವನ ಮುಖ. ಅಂಥ ಮುಖ ಪಕ್ಕದಲ್ಲಿ ಬಂದು ಕೂತರೆ ತಿಪಟೂರಿನವನು ಸುಮ್ಮನಿರುತ್ತಾನೆಯೇ? "ಯಾಕಪ್ಪಾ, ಹುಷಾರಿಲ್ವಾ? ಯಾವೂರಾಯ್ತು?" ಎಂದ. ಆ ಕಡೆಯಿಂದ ಕಟ್ ಎಂದು ಕೂಗಿದರು. ಎರಡನೇ ಸಲ ಮಾತಾಡಲಿಲ್ಲ, ಹುಡುಗನಿಗೆ ಜಾಗವಾಗಲಿ ಎಂದು ಚೀಲ ಎತ್ತಿ ಕಾಲ ಮೇಲೆ ಇಟ್ಟುಕೊಂಡು ಜರುಗಿದ. ಅದಕ್ಕೂ ಕಟ್. ಮೂರನೇ ಸಲ ಜೇಬಿನಿಂದ ಒಂದು ಚೂರು ಕೊಬ್ಬರಿ ತೆಗೆದು ಕೊಟ್ಟ. ಹೀರೋ ಬೆಳಗಿನಿಂದ ಏನೂ ತಿಂದಿರಲಿಲ್ಲವೋ ಏನೋ, ಬಾಯಿಗೆ ಹಾಕಿಕೊಂಡುಬಿಟ್ಟ. ಆಗ ಟೋಪಿ ಹಾಕಿದ್ದ ಡೈರೆಕ್ಟರೇ ರಸ್ತೆ ದಾಟಿ ಬಂದು ಕೈಮುಗಿದ.

"ಯಜಮಾನ್ರೇ, ಈ ಊರಲ್ಲಿ ಪಕ್ಕದಲ್ಲಿ ಕೂತೋರನ್ನ ಯಾರೂ ಮಾತಾಡ್ಸಲ್ಲ. ಆರು ಜನ, ಆರು ಮನೆ, ಒಬ್ಬರಿಗೊಬ್ಬರು ಗೊತ್ತಿಲ್ಲ, ದಿನಾ ಎದುರಾಗ್ತಾರೆ, ಮಾತಿಲ್ಲ. ಅದೇ ನಮ್ಮ ಕಥೆ."

"ಮಾತಾಡ್ಸದೆ ಇದ್ರೆ ಅದೆಂಥ ಕಥೆ ಸ್ವಾಮಿ" ಎಂದ ಅಣ್ಣಯ್ಯ.

ಒಟ್ಟು ಏಳು ಸಲ ತೆಗೆದರು. ಏಳನೆಯ ಸಲ ಬಾಯಿ ತುಂಬ ಎಲೆ ಅಡಿಕೆ ತುರುಕಿಕೊಂಡು ರಸ್ತೆಯ ಕಡೆ ನೋಡುತ್ತ ಕೂತ. ಓಕೆ ಎಂದರು. ಅಷ್ಟರಲ್ಲಿ ತಿಪಟೂರಿನ ಎರಡು ಬಸ್ಸು ಹೋಗಿದ್ದವು.

ಮರುದಿನ ಮಂಡಿಯಲ್ಲಿ ಇದನ್ನು ಹೇಳಿದ. ಹೇಳಬಾರದಿತ್ತು. ಸಿನಿಮಾದ ಹೆಸರೇನು ಎಂದರು, ಕೇಳಿರಲಿಲ್ಲ. ಹೀರೋ ಯಾರು ಎಂದರು, ಹೊಸಬ ಎಂದ. ಫೋಟೋ ಎಲ್ಲಿ ಎಂದರು, ಬಾಯಿ ತುಂಬ ಎಲೆ ಅಡಿಕೆ ಇದ್ದವನು ಫೋಟೋ ಎಲ್ಲಿ ತೆಗೆಸುತ್ತಾನೆ? ಅಂದಿನಿಂದ ಹಮಾಲಿಗಳ ಬಾಯಲ್ಲಿ ಅವನು ಹೀರೋ ಅಣ್ಣಯ್ಯನಾದ. ಮೊದಮೊದಲು ಅವನೂ ನಕ್ಕ. ಕಾಲೆಳೆಯುವುದು ಮಂಡಿಯಲ್ಲಿ ಕಾಫಿ ಕುಡಿದಷ್ಟೇ ಮಾಮೂಲು.

ಆದರೆ ಒಂದು ದಿನ ಹೊನ್ನವಳ್ಳಿಯ ನಂಜುಂಡಪ್ಪನ ಅಟ್ಟ ಹತ್ತಿ, ಕಾಯಿ ಅಲ್ಲಾಡಿಸಿ, ಇನ್ನೊಂದು ತಿಂಗಳು ಇರಲಿ ಎಂದ. ನಂಜುಂಡಪ್ಪ ಏಣಿಯ ಬುಡದಲ್ಲಿ ನಿಂತು, "ಇದೂ ನಿನ್ ಸಿನಿಮಾ ಥರಾನೇನೋ?" ಎಂದು ನಕ್ಕು, ಮಾರನೆಯ ದಿನವೇ ಸುಲಿಸಿಬಿಟ್ಟ. ಅರ್ಧಕ್ಕರ್ಧ ಹಸಿಯಾಗಿತ್ತು. ಅಣ್ಣಯ್ಯ ಹೇಳಿದ್ದು ಸರಿ ಎಂದು ಯಾರೂ ಅನ್ನಲಿಲ್ಲ. ಸುದ್ದಿ ತಿಳಿದ ಬಸವರಾಜಪ್ಪ ಅವನನ್ನು ಕರೆದರು.

"ಲೇ ಅಣ್ಣಯ್ಯ, ಆ ಸಿನಿಮಾ ಮಾತು ಇನ್ನು ಬುಡು. ಜನ ನಿನ್ ಬಾಯ್ ಮಾತಿನ ಮೇಲೆ ಕಾಯಿ ಸುಲಿಸ್ತಾರೆ. ಒಂದು ಬುರುಡೆ ಅಂತ ಗೊತ್ತಾದ್ರೆ ಎಲ್ಲಾನೂ ಬುರುಡೆ ಅಂತಾರೆ."

"ಬುರುಡೆ ಅಲ್ಲ ಸಾವ್ಕಾರ್ರೇ."

"ಆಯ್ತು ಬುಡು" ಎಂದರು ಬಸವರಾಜಪ್ಪ.

ಆ "ಆಯ್ತು ಬುಡು" ಅಣ್ಣಯ್ಯನ ಎದೆಗೆ ನಾಟಿತು. ಮೂವತ್ತನಾಲ್ಕು ವರ್ಷ ಜೊತೆಗಿದ್ದ ಮನುಷ್ಯ ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ನಂಬದೆ ಸಮಾಧಾನ ಮಾಡಿದ್ದನ್ನು ತಡೆದುಕೊಳ್ಳಲಾಗಲಿಲ್ಲ. ಅವನಿಗೆ ಹೊಲವಿಲ್ಲ, ಮನೆಯಿಲ್ಲ, ಮಕ್ಕಳಿಲ್ಲ. ಇದ್ದದ್ದು ಒಂದು ಮಾತು, ಅದೂ ಸಡಿಲವಾಗುತ್ತಿತ್ತು.

ಬೆಂಚಿನ ಮೇಲೆ ಕೂತು ಬಂದ ಹನ್ನೊಂದು ತಿಂಗಳ ಮೇಲೆ, ಒಂದು ಶುಕ್ರವಾರ ಬೆಳಿಗ್ಗೆ, ಊರಿನ ಹಳೇ ಟಾಕೀಸಿನ ಗೋಡೆಯ ಮೇಲೆ ಅದೇ ಕುರುಚಲು ಗಡ್ಡ ಕಾಣಿಸಿತು. ಅಣ್ಣಯ್ಯ ಪೋಸ್ಟರಿನ ಮುಂದೆ ನಿಂತೇ ನಿಂತ. ಯಾರಿಗೂ ಹೇಳಲಿಲ್ಲ. ಈ ಸಲ ಬುದ್ಧಿ ಓಡಿಸಿದ. ಮೊದಲು ತಾನೊಬ್ಬನೇ ನೋಡುವುದು, ತನ್ನ ಮುಖ ಯಾವ ಹೊತ್ತಿಗೆ ಬರುತ್ತದೆ ಎಂದು ಗುರುತು ಮಾಡಿಕೊಳ್ಳುವುದು, ಮಾರನೆಯ ದಿನ ಬಸವರಾಜಪ್ಪನವರನ್ನು ಕೈಹಿಡಿದು ಕರೆತಂದು ಕೂರಿಸುವುದು. ಮುಂದೆ ಫೋನಿನಲ್ಲೂ ಬರುತ್ತದಂತೆ, ಆದರೆ ಹುಣಸೆ ಬೀಜದಷ್ಟು ಮುಖ ತೋರಿಸಿ ಸಾಹುಕಾರರನ್ನು ಒಪ್ಪಿಸುವುದು ಆಗದ ಕೆಲಸ.

ಮಧ್ಯಾಹ್ನ ಎರಡೂವರೆಗೆ ಟಾಕೀಸಿಗೆ ಹೋದ. ಟಿಕೆಟ್ ಕೊಡುವವನೂ ಹರಿಯುವವನೂ ಒಬ್ಬನೇ, ದುರ್ಗಯ್ಯ. ಒಳಗೆ ಬಿಡುವ ಬದಲು ಗೇಟಿನ ಹತ್ತಿರ ನಿಲ್ಲಿಸಿ ಎಣಿಸಿದ.

"ನಾಲ್ಕೇ ಜನ. ಹತ್ ಜನ ಆಗ್ದೆ ಮಿಷನ್ ಹಾಕಂಗಿಲ್ಲ. ಓನರ್ ಹುಕುಂ."

"ನಿನ್ನೂ ಸೇರ್ಸ್ಕಂಡ್ರೆ ಐದು" ಎಂದ ಅಣ್ಣಯ್ಯ.

"ನಾನು ಸಿಬ್ಬಂದಿ. ನನ್ನ ಎಣ್ಸಂಗಿಲ್ಲ."

ಟಿಕೆಟ್ ವಾಪಸು ಕೊಟ್ಟು ನಾಲ್ವರೂ ಗೇಟಿನ ಹೊರಗೆ ನಿಂತರು. ಉಳಿದ ಮೂವರಲ್ಲಿ ಒಬ್ಬರು ಪೇಟೆ ಬೀದಿಯ ಟೈಲರ್ ಇನಾಯತುಲ್ಲಾ. ಇನ್ನೊಬ್ಬರು ರಿಟೈರಾದ ಹೆಡ್ ಮಿಸ್ಟ್ರೆಸ್ ಮೀನಾಕ್ಷಮ್ಮ, ಕೈಯಲ್ಲಿ ಛತ್ರಿ, ಮುಖದಲ್ಲಿ ಇನ್ನೂ ಶಾಲೆ. ಮತ್ತೊಬ್ಬಳು ಲಿಖಿತಾ, ಚಾಮರಾಜನಗರದ ಕಡೆಯ ಹುಡುಗಿ, ನರ್ಸಿಂಗ್ ಹೋಮಿನಲ್ಲಿ ನೈಟ್ ಡ್ಯೂಟಿ. ಮೂವರೂ ಮೂರು ಕಡೆ ಮುಖ ಮಾಡಿಕೊಂಡು ಹೊರಡಲು ಅಣಿಯಾದರು. ಅಣ್ಣಯ್ಯ ಬಿಡಬೇಕಲ್ಲ. ಎದುರಿಗೇ ಟೀ ಹೋಟೆಲಿತ್ತು.

ಒಂದು ಲೋಟ ಟೀ ಮುಗಿಯುವುದರೊಳಗೆ ಮೂವರ ಸಮಾಚಾರವೂ ಹೊರಬಿತ್ತು. ಇನಾಯತುಲ್ಲಾರ ಹೆಂಡತಿ ತೀರಿಕೊಂಡು ಎರಡು ವರ್ಷ. ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಮನೆಗೆ ಹೋದರೆ ತಟ್ಟೆಯ ಸದ್ದು ಬಿಟ್ಟು ಬೇರೆ ಸದ್ದಿಲ್ಲ, ಅದಕ್ಕೆ ಟಾಕೀಸಿಗೆ ಬಂದರಂತೆ. ಲಿಖಿತಾಗೆ ಹಗಲು ನಿದ್ದೆ ಬೇಕು, ಮನೆಯ ಓನರಮ್ಮನಿಗೆ ಹಗಲೆಲ್ಲ ಗ್ರೈಂಡರ್ ಹಾಕಬೇಕು. ಎಸಿ ಇಲ್ಲದಿದ್ದರೂ ಕತ್ತಲಿರುವ ಜಾಗ ಹುಡುಕಿಕೊಂಡು ಬಂದವಳು. ಮೀನಾಕ್ಷಮ್ಮ ಟೀಯನ್ನು ಎರಡು ಸಲ ಆರಿಸಿ, "ಮನೇಲಿ ಟೀವಿ ಮಾತಾಡುತ್ತೆ, ನಾನು ಕೇಳ್ತೀನಿ. ಮೂವತ್ಮೂರು ವರ್ಷ ನಾನು ಮಾತಾಡ್ದೆ, ಮಕ್ಕಳು ಕೇಳಿದ್ರು. ಅದಕ್ಕೆ ಶಿಕ್ಷೆ ಇರಬೇಕು" ಎಂದರು. ಯಾರಿಗೂ ನಗಬೇಕೋ ಬೇಡವೋ ಗೊತ್ತಾಗಲಿಲ್ಲ. ಕೊನೆಗೆ ಅವರೇ ನಕ್ಕರು.

ಶನಿವಾರ ಆರು ಜನ. ಭಾನುವಾರ ಊರಲ್ಲಿ ನಾಲ್ಕು ಮದುವೆ, ಐದೇ ಜನ. ಸೋಮವಾರ ಏಳಾಯಿತು, ಆದರೆ ಏಳನೆಯವನು ಮಳಿಗೆ ಬಾಡಿಗೆಗೆ ಸಿಗುತ್ತದೆಯೇ ಎಂದು ಕೇಳಲು ಬಂದವನು. ನಾಲ್ವರಂತೂ ದಿನಾ ತಪ್ಪದೆ ಬಂದರು, ದಿನಾ ವಾಪಸಾದರು, ದಿನಾ ಟೀ ಕುಡಿದರು. ಸಿನಿಮಾ ಇದ್ದದ್ದು ಒಬ್ಬರ ಮುಖ ಒಬ್ಬರು ನೋಡದ ಆರು ಜನರ ಬಗ್ಗೆ. ಮೊದಲ ದಿನವೇ ಷೋ ನಡೆದಿದ್ದರೆ ಇವರೂ ನಾಲ್ಕು ಮೂಲೆಯಲ್ಲಿ ಕೂತು, ನಿಟ್ಟುಸಿರು ಬಿಟ್ಟು, ನಾಲ್ಕು ದಾರಿ ಹಿಡಿದು ಹೋಗುತ್ತಿದ್ದರು. ಓನರ್ ಹುಕುಂ ಕಾಪಾಡಿತು. ಬುಧವಾರದ ಹೊತ್ತಿಗೆ ಇನಾಯತುಲ್ಲಾ ಡಬ್ಬಿಯಲ್ಲಿ ಖೀಮಾ ಸಮೋಸ ತಂದು, ಮೀನಾಕ್ಷಮ್ಮನಿಗೆಂದು ಬೇರೆ ಡಬ್ಬಿಯಲ್ಲಿ ಆಲೂಗಡ್ಡೆಯದು ತಂದಿದ್ದರು. ಮೀನಾಕ್ಷಮ್ಮ ಲಿಖಿತಾಳ ಮನೆಯ ಓನರಮ್ಮನಿಗೆ ಫೋನು ಮಾಡಿ ಗ್ರೈಂಡರಿನ ವೇಳಾಪಟ್ಟಿ ಹಾಕಿಕೊಟ್ಟಿದ್ದರು.

ಅಣ್ಣಯ್ಯ ಅಂದೇ ಬಾಯಿಬಿಟ್ಟ. ಬೆಂಚು, ಹೀರೋ, ಏಳು ಸಲ, ನಂಜುಂಡಪ್ಪನ ಅಟ್ಟ, ಸಾಹುಕಾರರ "ಆಯ್ತು ಬುಡು", ಒಂದನ್ನೂ ಬಿಡದೆ ಹೇಳಿದ.

"ನಾಳೆ ಗುರುವಾರ, ನಾಳೆಗೆ ಸಿನಿಮಾ ಎತ್ತಿಬಿಡ್ತಾರೆ" ಎಂದಳು ಲಿಖಿತಾ. "ಅಂಕಲ್, ಸುಮ್ನೆ ಕೂತ್ರೆ ಆಗಲ್ಲ. ಆರು ಜನ ಬೇಕು, ಅಷ್ಟೇ ತಾನೇ?"

"ಅರೆ, ಆರು ಜನ ಏನು ಮಹಾ" ಎಂದರು ಇನಾಯತುಲ್ಲಾ. "ನಮ್ಮ ಅಣ್ಣಯ್ಯೋರ ಇಜ್ಜತ್ ಪ್ರಶ್ನೆ."

ಗುರುವಾರ ಇನಾಯತುಲ್ಲಾರ ಹಿಂದೆ ಇಬ್ಬರು ಗಿರಾಕಿಗಳು ಬಂದರು. ಸಿನಿಮಾ ನೋಡಿದ ಮೇಲೇ ಪ್ಯಾಂಟು ಕೊಡುವುದು ಎಂದು ಅವರಿಗೆ ಹೇಳಲಾಗಿತ್ತು. ಮೀನಾಕ್ಷಮ್ಮ ದಪ್ಪ ಮೀಸೆಯ ಇಬ್ಬರು ಹಳೆಯ ವಿದ್ಯಾರ್ಥಿಗಳನ್ನು ಕರೆತಂದರು. ಒಬ್ಬ ಬೈಕ್ ಷೋರೂಮಿನ ಮ್ಯಾನೇಜರ್, ಇನ್ನೊಬ್ಬ ಜೆಸಿಬಿ ಇಟ್ಟವನು, ಇಬ್ಬರೂ ಅವರ ಛತ್ರಿಯನ್ನೇ ನೋಡುತ್ತ ನಿಂತಿದ್ದರು. ಲಿಖಿತಾ ಇನ್ನೊಬ್ಬ ನರ್ಸನ್ನು ಎಳೆದು ತಂದಳು, ಅವಳು ನಿಂತಲ್ಲೇ ನಿದ್ದೆ ಮಾಡುತ್ತಿದ್ದಳು. ದುರ್ಗಯ್ಯ ಎರಡು ಸಲ ಎಣಿಸಿ ಒಂಬತ್ತು ಎಂದ. ಎಲ್ಲರೂ ಒಟ್ಟಿಗೆ ತಿರುಗಿ ಟೀ ಹೋಟೆಲಿನವನ ಕಡೆ ನೋಡಿದರು. ಆರು ದಿನ ಇವರ ಟೀಯಲ್ಲೇ ವ್ಯಾಪಾರ ಕುದುರಿಸಿಕೊಂಡಿದ್ದವನಿಗೆ ಇಲ್ಲ ಎನ್ನುವ ಮುಖವಿರಲಿಲ್ಲ. ಸ್ಟವ್ ಆರಿಸಿ ಬಂದ.

ಷೋ ಶುರುವಾಯಿತು. ಹತ್ತು ಜನರೂ ಒಂದೇ ಸಾಲಿನಲ್ಲಿ ಕೂತರು, ನಡುವೆ ಅಣ್ಣಯ್ಯ. ಸಿನಿಮಾ ನಿಧಾನ. ಒಬ್ಬ ಲಿಫ್ಟಿನಲ್ಲಿ ಹತ್ತುತ್ತಾನೆ, ಇಳಿಯುತ್ತಾನೆ. ಒಬ್ಬಳು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಾಳೆ, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. "ಪಕ್ಕದ್ಮನೆ ಬಾಗ್ಲು ತಟ್ಟಿದ್ರೆ ಆಯ್ತಪ್ಪ" ಎಂದು ಟೀ ಹೋಟೆಲಿನವನು ಜೋರಾಗಿಯೇ ಸಲಹೆ ಕೊಟ್ಟ. ಇಂಟರ್ವಲ್ ಹೊತ್ತಿಗೆ ನರ್ಸು ಮತ್ತು ಜೆಸಿಬಿ ಇಬ್ಬರೂ ಗೊರಕೆ. ಆಮೇಲೆ ಅರ್ಧ ಗಂಟೆಗೆ ಯಶವಂತಪುರದ ರಸ್ತೆ ಕಾಣಿಸಿತು. ಅಣ್ಣಯ್ಯ ಇನಾಯತುಲ್ಲಾರ ಮೊಣಕೈ ಹಿಡಿದ. ಲಿಖಿತಾ ನಿದ್ದೆ ಮಾಡುತ್ತಿದ್ದವರನ್ನು ತಿವಿದು ಎಬ್ಬಿಸಿದಳು. ಅದೇ ಬೆಂಚು. ಹೀರೋ ನಡೆದು ಬಂದ, ಕೂತ. ಪಕ್ಕದ ಜಾಗ ಖಾಲಿ.

ಅಷ್ಟೇ. ಹೀರೋ ಖಾಲಿ ಜಾಗವನ್ನು ನೋಡಿದ, ರಸ್ತೆ ನೋಡಿದ, ಎದ್ದು ಹೋದ. ಅಣ್ಣಯ್ಯ ಬಸ್ಸು ಹತ್ತಿದ ಮೇಲೆ ಎಂಟನೆಯ ಸಲ ತೆಗೆದಿದ್ದರು, ಅವನಿಲ್ಲದೆ.

ಅಣ್ಣಯ್ಯ ಕೊನೆಯ ಹೆಸರು ಹೋಗುವವರೆಗೂ ಎದ್ದೇಳಲಿಲ್ಲ. ಇನ್ನೆಲ್ಲಾದರೂ ಬರಬಹುದು ಎನ್ನುವ ಆಸೆ. ದುರ್ಗಯ್ಯ ಲೈಟು ಹಾಕಿದಾಗ ಅವನ ಕಣ್ಣಲ್ಲಿ ನೀರಿತ್ತು. ಹಣೆಬರಹ ನೋಡಿ, ಸಿನಿಮಾದವರು ಒಂಟಿತನ ತೋರಿಸಬೇಕೆಂದು ಅವನೊಬ್ಬನನ್ನೇ ತೆಗೆದುಹಾಕಿದ್ದರು.

ಎಲ್ಲರೂ ಹೊರಗೆ ಬಂದರು. ಇನಾಯತುಲ್ಲಾ ಅಣ್ಣಯ್ಯನ ಹೆಗಲ ಮೇಲೆ ಕೈಯಿಟ್ಟರು.

"ಲೈಟ್ ಸ್ವಲ್ಪ ಕಮ್ಮಿ ಇತ್ತು. ನಂಗಂತೂ ನೀವು ಕಾಣಿಸಿದ್ರಿ."

ಮೂವತ್ತಮೂರು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಹೇಳಿಕೊಟ್ಟ ಮೀನಾಕ್ಷಮ್ಮ ಛತ್ರಿಯನ್ನು ನೆಲಕ್ಕೆ ಊರಿ, "ನಾನೂ ನೋಡ್ದೆ" ಎಂದರು. ಮೀಸೆಯ ವಿದ್ಯಾರ್ಥಿಗಳಿಬ್ಬರೂ "ನಾವೂ ನೋಡಿದ್ವಿ ಮಿಸ್" ಎಂದರು.

"ಸುಮ್ನಿರಿ, ಬುಡಿ" ಎಂದು ಅಣ್ಣಯ್ಯ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ.

ಅವರು ಸುಮ್ಮನಿರಲಿಲ್ಲ. ಶುಕ್ರವಾರ ಸಿನಿಮಾ ಬದಲಾಗಿತ್ತು, ಹೋಗಿ ನೋಡಿ ತಾಳೆ ಹಾಕುವ ದಾರಿ ಯಾರಿಗೂ ಇರಲಿಲ್ಲ. ಆ ಧೈರ್ಯದ ಮೇಲೆ ಹತ್ತು ಗಂಟೆಗೆ ಇನಾಯತುಲ್ಲಾ ಮಂಡಿಗೆ ಬಂದು, ಬೆಂಚಿನ ಮೇಲೆ ಅಣ್ಣಯ್ಯ ತುಂಬುತೋಳಿನ ಅಂಗಿ ಹಾಕಿ ಕೂತಿದ್ದನೆಂದೂ ಕಾಲರ್ ಬಹಳ ಚೆನ್ನಾಗಿ ನಿಂತಿತ್ತೆಂದೂ ಹೇಳಿದರು. ಟೀ ಹೋಟೆಲಿನವನ ಪ್ರಕಾರ ಅಣ್ಣಯ್ಯ ಅತ್ತಿದ್ದ, ಹೀರೋ ಕಣ್ಣೊರೆಸಿದ್ದ. ಮೀಸೆಯವರಿಬ್ಬರೂ ಫೈಟ್ ಇತ್ತು ಎಂದರು. ಲಿಖಿತಾ ಹೇಳಿದಂತೆ ಅವನಿಗೆ ಹಾರ್ಟ್ ಅಟ್ಯಾಕ್ ಆಗಿತ್ತು, ನಿಜವಾದ ಪೇಷೆಂಟುಗಳೂ ಅಷ್ಟು ಸರಿಯಾಗಿ ಎದೆ ಹಿಡಿದುಕೊಳ್ಳುವುದಿಲ್ಲ. ಮೀನಾಕ್ಷಮ್ಮ ಬಸವರಾಜಪ್ಪನವರಿಗೆ ಫೋನು ಮಾಡಿ, ಅಣ್ಣಯ್ಯನವರು ಐದು ನಿಮಿಷ ಮಾತಾಡಿದರು, ಉಚ್ಚಾರಣೆ ಶುದ್ಧವಾಗಿತ್ತು ಎಂದು ತಿಳಿಸಿದರು. ಮಧ್ಯಾಹ್ನದ ಹೊತ್ತಿಗೆ ತಿಪಟೂರಿನಲ್ಲಿ ಆ ಸಿನಿಮಾ ಪೂರ್ತಿ ಅಣ್ಣಯ್ಯನದೇ ಆಗಿಹೋಗಿತ್ತು.

ಬೆಳಿಗ್ಗೆಯೇ ಕಾಯಿ ನೋಡಲು ಹೋಗಿದ್ದ ಅವನು ದಬ್ಬೇಘಟ್ಟದ ಬಸ್ಸಿಳಿದು ಮಂಡಿಗೆ ಬಂದಾಗ ಹಮಾಲಿಗಳು ಎದ್ದು ನಿಂತರು. ಹೀರೋ ಎಂದರು, ಆದರೆ ಈ ಸಲ ನಗಲಿಲ್ಲ. ಇನಾಯತುಲ್ಲಾ ಇನ್ನೂ ಹೋಗಿರಲಿಲ್ಲ, ಕಂಬಕ್ಕೆ ಒರಗಿ ನಿಂತಿದ್ದರು. ಬಸವರಾಜಪ್ಪ ಗಾದಿಯ ಮೇಲಿಂದಲೇ ಕೈಬೀಸಿ ಕರೆದರು.

"ಬಾಪ್ಪ ಅಣ್ಣಯ್ಯ. ಊರ್ ಊರೇ ನೋಡ್ಕಂಡ್ ಬಂದೈತೆ. ನಾನೇ ನಿನ್ನ ತಪ್ಪು ತಿಳ್ಕಂಡಿದ್ದೆ. ಆದ್ರೂ ನಿನ್ ಬಾಯಲ್ಲೇ ಒಂದ್ಸಲ ಕೇಳಣ ಅಂತ. ಇದ್ಯಾ ಅದ್ರಲ್ಲಿ?"

ಒಂದು ವರ್ಷ ಅವನು ಕಾದಿದ್ದು ಈ ಕ್ಷಣಕ್ಕೇ. ಹೂಂ ಎಂದರೆ ಸಾಕು, ಅಷ್ಟೂ ಬೇಡ, ತಲೆ ಆಡಿಸಿದರೆ ಸಾಕು. ಮೂರು ತಾಲ್ಲೂಕಿನ ಅಟ್ಟಗಳು ಮತ್ತೆ ಅವನವು. ಹತ್ತಿರ ಹತ್ತಿರ ಹತ್ತು ಜನ ಸಾಕ್ಷಿ, ಅದರಲ್ಲಿ ಒಬ್ಬರು ಹೆಡ್ ಮಿಸ್ಟ್ರೆಸ್ಸು. ಕಂಬದ ಹತ್ತಿರ ಇನಾಯತುಲ್ಲಾ ಕಣ್ಣಲ್ಲೇ ಹೂಂ ಅನ್ನಿ ಎಂದು ಬೇಡಿಕೊಳ್ಳುತ್ತಿದ್ದರು.

"ಇಲ್ಲ ಸಾವ್ಕಾರ್ರೇ" ಎಂದ ಅಣ್ಣಯ್ಯ. "ಬೆಂಚು ಐತೆ, ಹೀರೋ ಅವ್ನೆ. ನಾನಿಲ್ಲ."

ಬಸವರಾಜಪ್ಪ ಕಂಬದ ಕಡೆ ಕೈತೋರಿಸಿದರು.

"ಮತ್ತೆ ಇವ್ರೆಲ್ಲ ಕಣ್ಣಾರೆ ಕಂಡ್ವಿ ಅಂತಾರಲ್ಲ?"

"ಅವ್ರು ನಮ್ಮೋರು ಕಣ್ರೀ. ನಂಗೆ ಬೇಜಾರಾಗ್ಬಾರ್ದು ಅಂತ ಹೇಳವ್ರೆ. ಅವರ ಮೇಲೆ ಕ್ವಾಪ ಮಾಡ್ಕಬೇಡಿ."

ಇನಾಯತುಲ್ಲಾ ತಲೆ ತಗ್ಗಿಸಿ ಕೊರಳಿನಲ್ಲಿದ್ದ ಅಳತೆಯ ಟೇಪನ್ನು ಸುತ್ತತೊಡಗಿದರು. ಬಸವರಾಜಪ್ಪ ಅಣ್ಣಯ್ಯನ ಮುಖವನ್ನೇ ನೋಡಿದರು. ನೋಡುತ್ತ ನೋಡುತ್ತ ಅವರ ಮುಖ ಕೆಂಪಾಯಿತು.

"ಎಷ್ಟ್ ಸಲ ತೆಗುದ್ರು ಅಂದಿದ್ದೆ ನೀನು?"

"ಏಳು ಸಲ."

"ಏಳ್ ಸಲ ಕೂರ್ಸಿ, ಎರಡ್ ಬಸ್ ತಪ್ಪಿಸಿ, ಒಂದರಲ್ಲೂ ಹಾಕ್ಲಿಲ್ವಾ? ಎಂಥಾ ಜನಾನೋ ಅವ್ರು? ಮನುಷ್ಯತ್ವ ಬ್ಯಾಡ್ವಾ?"

ಸಾಹುಕಾರರು ನಿಜವಾಗಿಯೂ ರೇಗಿದ್ದರು. ಡೈರೆಕ್ಟರು ಎದುರಿಗಿದ್ದರೆ ಕೈಗೆ ಸಿಕ್ಕಿದ್ದು ಎಸೆಯುತ್ತಿದ್ದರು. ಬಸವರಾಜಪ್ಪ ಗಾದಿಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿ, "ಕೂತ್ಕೋ, ಏನೇನಾಯ್ತು ಮೊದಲಿಂದ ಹೇಳು" ಎಂದರು.